ವಾಲಿ ಸಾಯಲೇಬೇಕು: ಕಥೆಗಾರನಿಗೆ ಮೊದಲೇ ಎಷ್ಟು ಗೊತ್ತಿರಬೇಕು?

ಕಥಾಕಮ್ಮಟಗಳಲ್ಲಿ ತಪ್ಪದೆ ಬರುವ ಪ್ರಶ್ನೆಯೊಂದಿದೆ: ಬರೆಯಲು ಕೂರುವಾಗ ನಿಮಗೆ ಕಥೆಯ ಕೊನೆ ಗೊತ್ತಿರುತ್ತದೆಯೇ? ಕೆಲವರು, ಕೊನೆಯ ಸಾಲು ಹೊಳೆಯುವವರೆಗೆ ಪೆನ್ನು ಮುಟ್ಟುವುದಿಲ್ಲ ಎನ್ನುತ್ತಾರೆ. ಕೆಲವರು, ಪಾತ್ರಗಳು ಕರೆದಲ್ಲಿಗೆ ಹೋಗುತ್ತೇನೆ ಎಂದು ತುಸು ಹೆಮ್ಮೆಯಿಂದಲೇ ಹೇಳುತ್ತಾರೆ. ಅಮೆರಿಕದ ಕಾದಂಬರಿಕಾರ ಜಾರ್ಜ್ ಆರ್. ಆರ್. ಮಾರ್ಟಿನ್ ಈ ಎರಡು ಬಗೆಯವರನ್ನು ವಾಸ್ತುಶಿಲ್ಪಿಗಳು, ತೋಟಗಾರರು ಎಂದು ಕರೆದ ಮೇಲಂತೂ ಹೊಸದಾಗಿ ಬರೆಯುವವರು ತಾವು ಯಾವ ಪಂಗಡಕ್ಕೆ ಸೇರಿದವರು ಎಂದು ಜಾತಕ ತೆಗೆಸಿದ ಹಾಗೆ ವಿಚಾರಿಸತೊಡಗಿದ್ದಾರೆ.

ಈ ವಿಂಗಡಣೆಯ ಮೇಲೆ ನನಗೆ ಹೆಚ್ಚಿನ ನಂಬಿಕೆಯಿಲ್ಲ. ಲೇಖಕರು ಸಂದರ್ಶನಗಳಲ್ಲಿ ಹೇಳಿದ್ದನ್ನು ಬದಿಗಿಟ್ಟು ಅವರ ಕರಡು, ಟಿಪ್ಪಣಿ, ಪತ್ರಗಳ ಕಡೆ ನೋಡಿದರೆ ಒಬ್ಬನೇ ಮನುಷ್ಯ ಒಂದೇ ಕೃತಿಯಲ್ಲಿ ಎರಡೂ ಕೆಲಸ ಮಾಡುತ್ತಿರುವುದು ಕಾಣುತ್ತದೆ. ಹಾಗಾಗಿ ಕೇಳಬೇಕಾದ ಪ್ರಶ್ನೆ ಬೇರೆ. ಕಥೆಯೊಂದರಲ್ಲಿ ನೂರಾರು ತೀರ್ಮಾನಗಳಿರುತ್ತವೆ: ಯಾರು ಸಾಯುತ್ತಾರೆ, ಯಾರು ಕಥೆ ಹೇಳುತ್ತಾರೆ, ಗುಟ್ಟು ಯಾವಾಗ ಬಯಲಾಗುತ್ತದೆ, ಅತ್ತೆ ಆ ಮಾತನ್ನು ನಗುತ್ತಾ ಹೇಳಿದಳೋ ಸಿಟ್ಟಿನಿಂದಲೋ. ಇವುಗಳಲ್ಲಿ ಯಾವುದನ್ನು ಮೊದಲೇ ಗಟ್ಟಿ ಮಾಡಿಕೊಳ್ಳಬೇಕು, ಯಾವುದನ್ನು ಬರೆಯುವ ಗಳಿಗೆಗೆ ಬಿಡಬಹುದು? ಮತ್ತೆ, ಬಿಟ್ಟದ್ದನ್ನು ತಡವಾಗಿ ಬದಲಾಯಿಸಿದರೆ ಎಷ್ಟು ಪುಟ ಹಾಳಾಗುತ್ತದೆ? ಲೆಕ್ಕ ಇಷ್ಟೇ. ಆದರೆ ಇದನ್ನು ಬಿಡಿಸಿ ನೋಡಲು ಒಂದು ಒಳ್ಳೆಯ ಜಾಗ ಬೇಕು. ಅದು ನಮ್ಮಲ್ಲೇ ಇದೆ.

ತಾಳಮದ್ದಳೆ ಕರಾವಳಿ, ಮಲೆನಾಡು, ಕಾಸರಗೋಡಿನ ಓದುಗರಿಗೆ ಹೊಸತಲ್ಲ. ಉಳಿದವರಿಗಾಗಿ ಹೇಳುವುದಾದರೆ, ಅದು ವೇಷವಿಲ್ಲದ, ಕುಣಿತವಿಲ್ಲದ ಯಕ್ಷಗಾನ. ಭಾಗವತರು ಪ್ರಸಂಗದ, ಎಂದರೆ ಪದ್ಯರೂಪದಲ್ಲಿ ಬರೆದಿಟ್ಟ ಕಥೆಯ, ಪದ್ಯವನ್ನು ಹಾಡುತ್ತಾರೆ, ಹಿಮ್ಮೇಳದಲ್ಲಿ ಚೆಂಡೆ ಮದ್ದಳೆ ಇರುತ್ತವೆ, ಅರ್ಥಧಾರಿಗಳು ಕುಳಿತಲ್ಲಿಂದಲೇ ಕೃಷ್ಣನಾಗಿ, ಕರ್ಣನಾಗಿ, ರಾವಣನಾಗಿ ಮಾತನಾಡುತ್ತಾರೆ. ಪದ್ಯಗಳು ಎಂದೋ ಬರೆದಿಟ್ಟವು. ಅವುಗಳ ಅಕ್ಷರ ಬದಲಾಗುವುದಿಲ್ಲ. ಮಾತು ಮಾತ್ರ ಆ ರಾತ್ರಿಯದು. ಎದುರು ಕುಳಿತವರು ಯಾವ ಪ್ರಶ್ನೆ ಎಸೆಯುತ್ತಾರೆ ಎಂಬುದು ಯಾರಿಗೂ ಗೊತ್ತಿರುವುದಿಲ್ಲ. ಶೇಣಿ ಗೋಪಾಲಕೃಷ್ಣ ಭಟ್ಟ, ಮಲ್ಪೆ ಶಂಕರನಾರಾಯಣ ಸಾಮಗರಂಥವರ ಹೆಸರು ಕೇಳಿ ಜನ ರಾತ್ರಿಯಿಡೀ ಕುಳಿತದ್ದು ಕಥೆ ತಿಳಿದುಕೊಳ್ಳಲಿಕ್ಕೆ ಖಂಡಿತ ಅಲ್ಲ. ಕಥೆ ಅಂಗಳದಲ್ಲಿ ನಿದ್ದೆಗಣ್ಣಿನಲ್ಲಿದ್ದ ಮಕ್ಕಳಿಗೂ ಗೊತ್ತಿತ್ತು.

ವಾಲಿವಧೆಯನ್ನೇ ತೆಗೆದುಕೊಳ್ಳಿ. ಮರದ ಮರೆಯಿಂದ ಬಂದ ಬಾಣ ನಾಟಿದೆ. ವಾಲಿ ರಾಮನನ್ನು ಕೇಳುತ್ತಾನೆ: ನಿನಗೂ ನನಗೂ ಯಾವ ವೈರ? ಎದುರು ನಿಂತು ಹೋರಾಡದೆ ಮರೆಯಲ್ಲಿ ನಿಂತದ್ದು ಯಾವ ಧರ್ಮ? ರಾಮ ಉತ್ತರಿಸಬೇಕು. ತಮ್ಮನ ಹೆಂಡತಿಯನ್ನು ಇಟ್ಟುಕೊಂಡವನನ್ನು ದಂಡಿಸುವುದು ರಾಜಧರ್ಮ ಎನ್ನಬಹುದು. ಭರತನ ಆಳ್ವಿಕೆಯ ನೆಲದಲ್ಲಿ ನಿಂತಿದ್ದೇನೆ ಎನ್ನಬಹುದು. ಮೃಗವನ್ನು ಬೇಟೆಯಾಡಲು ಎದುರೇ ನಿಲ್ಲಬೇಕೆಂದಿಲ್ಲ ಎನ್ನಬಹುದು. ಈ ಕೊನೆಯ ವಾದಕ್ಕೆ ಕೈ ಹಾಕಿದ ರಾಮನನ್ನು ಗಟ್ಟಿ ವಾಲಿ ಸುಮ್ಮನೆ ಬಿಡುವುದಿಲ್ಲ. ನಾನು ಮೃಗವಾದರೆ ತಮ್ಮನ ಹೆಂಡತಿಯ ವಿಚಾರದಲ್ಲಿ ಮನುಷ್ಯರ ಧರ್ಮವನ್ನು ನನಗೆ ಹೇಗೆ ಹಚ್ಚುತ್ತೀಯೆ ಎಂದು ತಿರುಗಿ ಬೀಳುತ್ತಾನೆ. ಒಂದು ರಾತ್ರಿ ವಾದದಲ್ಲಿ ರಾಮ ಗೆಲ್ಲುತ್ತಾನೆ, ಇನ್ನೊಂದು ರಾತ್ರಿ ವಾಲಿ ಗೆಲ್ಲುತ್ತಾನೆ. ವಾಲಿ ಮಾತ್ರ ಎರಡೂ ರಾತ್ರಿ ಸಾಯುತ್ತಾನೆ.

ಇಲ್ಲಿ ಪ್ರಸಂಗ ಹಿಡಿದಿಟ್ಟುಕೊಂಡಿರುವುದು ಘಟನೆಗಳನ್ನು ಮತ್ತು ಅವುಗಳ ಅನುಕ್ರಮವನ್ನು. ಯಾವ ಕಾರಣಕ್ಕೆ, ಯಾವ ಭಾವದಲ್ಲಿ, ಯಾರ ನೈತಿಕ ಬಲ ಹೆಚ್ಚಾಗಿ ಎಂಬುದೆಲ್ಲ ಬಾಗಿಲು ತೆರೆದ ಮನೆ. ಸತ್ತವನು ಸೋತು ಸತ್ತನೋ ಗೆದ್ದು ಸತ್ತನೋ ಎಂಬುದು ಇಡೀ ಕಥೆಯ ಅರ್ಥವನ್ನೇ ಬದಲಿಸುವ ಸಂಗತಿ. ಅಷ್ಟು ದೊಡ್ಡ ಸಂಗತಿಯನ್ನು ಪ್ರಸಂಗ ಆ ಗಳಿಗೆಗೆ ಬಿಟ್ಟುಕೊಟ್ಟಿದೆ. ಯೋಜನೆ ಎಂದರೆ ದೊಡ್ಡ ವಿಷಯಗಳನ್ನು ಮೊದಲೇ ತೀರ್ಮಾನಿಸುವುದು, ಆಶು ಎಂದರೆ ಚಿಲ್ಲರೆ ವಿಷಯಗಳನ್ನು ತುಂಬುವುದು ಎಂಬ ಲೆಕ್ಕಾಚಾರ ಇಲ್ಲಿ ಕುಸಿಯುತ್ತದೆ.

ಭಾಗವತರ ಪಾತ್ರ ಇನ್ನೂ ಕುತೂಹಲದ್ದು. ಅರ್ಥಧಾರಿ ಮಾತನ್ನು ಮುಂದಿನ ಪದ್ಯದ ಬಾಗಿಲವರೆಗೆ ತಂದು ಎತ್ತುಗಡೆ, ಎಂದರೆ ಪದ್ಯ ಎತ್ತಲು ಸೂಚನೆ, ಕೊಡಬೇಕು, ಆಗ ಭಾಗವತರು ಪದ್ಯ ಎತ್ತುತ್ತಾರೆ. ಮಾತು ಎಲ್ಲೆಲ್ಲೋ ಅಲೆದು ದಾರಿ ತಪ್ಪಿದರೆ ಎತ್ತುಗಡೆಗೆ ಕಾಯದೆ ಪದ್ಯ ಹಿಡಿದು ಮಾತನ್ನು ತಡೆಯಲೂ ಅವರಿಗೆ ಬರುತ್ತದೆ. ಎಂದರೆ ಮಾತನಾಡುವವನಿಗೆ ಹೊರಡುವ ಜಾಗ ಗೊತ್ತು, ತಲುಪುವ ಜಾಗ ಗೊತ್ತು, ನಡುವಿನ ದಾರಿ ಅವನದು. ಎರಡು ಪದ್ಯಗಳ ನಡುವಿನ ಈ ದೂರ ಚಿಕ್ಕದು ಎಂಬುದನ್ನು ಗಮನಿಸಬೇಕು. ರಾತ್ರಿಯಿಡೀ ನಡೆಯುವ ಪ್ರಸಂಗದಲ್ಲಿ ಯಾರೂ ರಾತ್ರಿಯಿಡೀ ದಾರಿ ಹುಡುಕುವುದಿಲ್ಲ. ಒಂದು ಪದ್ಯದಿಂದ ಇನ್ನೊಂದಕ್ಕೆ ಮಾತ್ರ ಹುಡುಕುತ್ತಾರೆ.

ಇನ್ನು ಆ ಕ್ಷಣಕ್ಕೆ ಹೊಳೆದದ್ದು ಎಂದು ನಾವು ಚಪ್ಪಾಳೆ ತಟ್ಟುವ ಮಾತಿನ ಹಿಂದೆ ಪುರಾಣಗಳ ಓದು, ಕುಮಾರವ್ಯಾಸನ ಸಾಲುಗಳು, ಕೇಳಿದ ಹಿರಿಯರ ಅರ್ಥ, ಹಿಂದೊಮ್ಮೆ ಸಿಕ್ಕಿಬಿದ್ದು ಉತ್ತರ ಕೊಡಲಾಗದೆ ಮನೆಗೆ ಹೋಗಿ ಹುಡುಕಿದ ನೆನಪು ಎಲ್ಲವೂ ಇರುತ್ತವೆ. ಖಾಲಿ ಕೈಯವನು ಆಶುವಾಗಿ ಏನನ್ನೂ ಮಾಡಲಾರ. ಆಶು ಎಂಬುದು ತಯಾರಿ ಇಲ್ಲದಿರುವುದಲ್ಲ, ತಯಾರಿಯಲ್ಲಿ ಯಾವುದನ್ನು ಬಳಸಬೇಕು ಎಂಬ ಆಯ್ಕೆಯನ್ನು ತಡವಾಗಿ ಮಾಡುವುದು.

ಕಾದಂಬರಿ ಬರೆಯುವವನು ಪ್ರಸಂಗಕರ್ತನೂ ಹೌದು, ಭಾಗವತನೂ ಹೌದು, ಎದುರುಬದುರು ಕುಳಿತ ಇಬ್ಬರು ಅರ್ಥಧಾರಿಗಳೂ ಅವನೇ. ಕಷ್ಟ ಇರುವುದೇ ಅಲ್ಲಿ.

ಚಾರ್ಲ್ಸ್ ಡಿಕನ್ಸ್ ಈ ಎಲ್ಲ ಪಾತ್ರಗಳನ್ನು ಒಂದೇ ಜೀವನದಲ್ಲಿ ಬೇರೆ ಬೇರೆ ಪ್ರಮಾಣದಲ್ಲಿ ಆಡಿದವನು. 1836ರಲ್ಲಿ, 24ರ ವಯಸ್ಸಿನಲ್ಲಿ, ಅವನಿಗೆ ಬಂದ ಕೆಲಸ ಕಾದಂಬರಿಯದ್ದೇ ಅಲ್ಲ. ರಾಬರ್ಟ್ ಸೀಮೋರ್ ಎಂಬ ಹೆಸರುವಾಸಿ ಚಿತ್ರಕಾರನ ಬೇಟೆ, ಮೀನು ಹಿಡಿಯುವಿಕೆಯ ತಮಾಷೆ ಚಿತ್ರಗಳಿಗೆ ತಿಂಗಳು ತಿಂಗಳು ಜೊತೆಬರಹ ಒದಗಿಸಬೇಕಿತ್ತು. ಪಿಕ್‌ವಿಕ್ ಪೇಪರ್ಸ್ ಹುಟ್ಟಿದ್ದು ಹೀಗೆ. ಮೊದಲ ಕಂತು ಹೊರಬಂದ ಸ್ವಲ್ಪ ದಿನಕ್ಕೆ ಸೀಮೋರ್ ಆತ್ಮಹತ್ಯೆ ಮಾಡಿಕೊಂಡ. ಚಿತ್ರಕ್ಕೆ ಬರಹ ಎಂದಿದ್ದ ಯೋಜನೆ ಬರಹಕ್ಕೆ ಚಿತ್ರ ಎಂದು ತಿರುಗಿತು. ನಾಲ್ಕನೆಯ ಕಂತಿನಲ್ಲಿ ಸ್ಯಾಮ್ ವೆಲ್ಲರ್ ಎಂಬ ಬೂಟು ಪಾಲಿಶ್ ಮಾಡುವ ವಾಚಾಳಿ ಸುಮ್ಮನೆ ಬಂದು ನಿಂತ, ಓದುಗರು ಹುಚ್ಚಾದರು. ನೂರರ ಲೆಕ್ಕದಲ್ಲಿ ಖರ್ಚಾಗುತ್ತಿದ್ದ ಪಿಕ್‌ವಿಕ್ ಪೇಪರ್ಸ್ ಕೊನೆಯ ಹೊತ್ತಿಗೆ ಕಂತಿಗೆ ಸುಮಾರು 40,000 ಪ್ರತಿ ಮಾರಾಟವಾಗುತ್ತಿತ್ತು. ಬಿಡಿ ಬಿಡಿ ಪ್ರಸಂಗಗಳ ಹಗುರ ಪುಸ್ತಕವಾದ್ದರಿಂದ ಯಾವ ತಿಂಗಳು ಏನು ನುಗ್ಗಿದರೂ ಅದು ತಡೆದುಕೊಂಡಿತು.

ಹತ್ತು ವರ್ಷದ ನಂತರ ಅದೇ ಮನುಷ್ಯ ಡಾಂಬಿ ಅಂಡ್ ಸನ್ ಶುರು ಮಾಡುವಾಗ ಬೇರೆಯೇ ಆಗಿದ್ದ. ಪ್ರತಿ ಕಂತಿಗೂ ಒಂದು ಹಾಳೆ. ಎಡಗಡೆ ತನಗೆ ತಾನೇ ಕೇಳಿಕೊಂಡ ಪ್ರಶ್ನೆಗಳು: ಇವನನ್ನು ಈ ಕಂತಿನಲ್ಲಿ ತರಬೇಕೇ? ಇವಳ ಸಾವು ಈಗಲೋ ಮುಂದೆಯೋ? ಪಕ್ಕದಲ್ಲೇ ಉತ್ತರ, ಹೌದು, ಇಲ್ಲ, ಮುಂದಿನ ಕಂತಿಗೆ ಎಂದು. ಬಲಗಡೆ ಅಧ್ಯಾಯಗಳ ಹೆಸರು ಮತ್ತು ಸಾರಾಂಶ. ಈ ಹಾಳೆಗಳು ಉಳಿದುಬಂದಿವೆ, ಮತ್ತು ಅವುಗಳಲ್ಲಿ ನನಗೆ ಹಿಡಿಸುವುದು ಉತ್ತರಗಳಿಗಿಂತ ಪ್ರಶ್ನೆಗಳು. ಅದು ಕಟ್ಟಡದ ನಕ್ಷೆಯ ಹಾಗಿಲ್ಲ. ಮುಂದಿನ ಪದ್ಯ ಯಾವುದೆಂದು ಭಾಗವತ ತನ್ನೊಳಗೆ ಲೆಕ್ಕ ಹಾಕುವ ಹಾಗಿದೆ.

ಆ ಕಾದಂಬರಿಯ ಆರಂಭದಲ್ಲೇ ಅವನು ಗೆಳೆಯ ಜಾನ್ ಫಾರ್ಸ್ಟರ್‌ಗೆ ಪತ್ರ ಬರೆದು ಮುಖ್ಯ ಸಂಗತಿಗಳನ್ನು ತಿಳಿಸಿದ್ದ. ಅಹಂಕಾರಿ ವ್ಯಾಪಾರಿ ಡಾಂಬಿಯ ಪುಟ್ಟ ಮಗ ಪಾಲ್ ಕಾದಂಬರಿಯ ಕಾಲು ಭಾಗಕ್ಕೇ ಸಾಯುತ್ತಾನೆ. ಆಮೇಲೆ ಕಥೆಯ ಭಾರವೆಲ್ಲ ತಂದೆ ಕಡೆಗಣಿಸಿದ ಮಗಳ ಮೇಲೆ. ಹೇಳಿದ ಹಾಗೆಯೇ ಐದನೆಯ ಕಂತಿನಲ್ಲಿ ಪಾಲ್ ಸತ್ತ. ಅದೇ ಪತ್ರದಲ್ಲಿ ಇನ್ನೊಂದು ಯೋಜನೆಯೂ ಇತ್ತು: ವಾಲ್ಟರ್ ಗೇ ಎಂಬ ಉಲ್ಲಾಸದ ಹುಡುಗ ನಿಧಾನವಾಗಿ ಕೆಟ್ಟು ಹಾಳಾಗುವುದನ್ನು ತೋರಿಸಬೇಕು. ಅದು ಆಗಲಿಲ್ಲ. ವಾಲ್ಟರ್ ಒಳ್ಳೆಯವನಾಗಿಯೇ ಉಳಿದು ಡಾಂಬಿಯ ಮಗಳನ್ನು ಮದುವೆಯಾದ. ಒಂದು ನಿಂತಿತು, ಒಂದು ಬಿದ್ದುಹೋಯಿತು, ಏಕೆ? ಪಾಲ್‌ನ ಸಾವನ್ನು ತೆಗೆದರೆ ಕಾದಂಬರಿಯೇ ಇರುವುದಿಲ್ಲ. ಹೆಸರಿನಲ್ಲಿರುವ ‘ಸನ್’ ಇಲ್ಲವಾಗುವುದೇ ಅದರ ವಿಷಯ. ವಾಲ್ಟರ್ ಕೆಡುವುದು ಒಂದು ಒಳ್ಳೆಯ ಯೋಚನೆ, ಅಷ್ಟೇ. ಯಾವುದು ಕಂಬ, ಯಾವುದು ಕಿಟಕಿ ಎಂದು ಗುರುತಿಸುವ ಈ ಬುದ್ಧಿಯೇ ಯೋಜನೆಯ ಅರ್ಧ ಭಾಗ ಎಂದು ನನ್ನ ಅಂದಾಜು.

ಡಿಕನ್ಸ್‌ನಿಗೆ ಈ ಶಿಸ್ತು ಬರಲು ಮತ್ತೊಂದು ಕಾರಣ ಕಂತು. ಜನವರಿಯಲ್ಲಿ ಅಚ್ಚಾದದ್ದನ್ನು ಮೇ ತಿಂಗಳಲ್ಲಿ ಹಿಂದಕ್ಕೆ ತೆಗೆದುಕೊಳ್ಳಲಾಗದು. ನಮ್ಮ ವಾರಪತ್ರಿಕೆಗಳಲ್ಲಿ ಧಾರಾವಾಹಿ ಬರೆದವರಿಗೆ, ಈಗ ದೂರದರ್ಶನದ ದಿನವಹಿ ಧಾರಾವಾಹಿಗಳಿಗೆ ಸಂಭಾಷಣೆ ಬರೆಯುವವರಿಗೆ ಈ ಕಷ್ಟ ಅರಿವಿದೆ. ದಿನವಹಿ ಧಾರಾವಾಹಿಯಲ್ಲಂತೂ ನಟ ಬಿಟ್ಟುಹೋದರೆ ಪಾತ್ರ ವಿದೇಶಕ್ಕೆ ಹೋಗಬೇಕು, ರೇಟಿಂಗ್ ಬಂದರೆ ಸತ್ತವರು ಬದುಕಬೇಕು. ಅಲ್ಲಿ ಕಥೆ ಕೆಟ್ಟಿತೆಂದು ನಾವು ಬರೆಯುವವರನ್ನು ಬೈಯುತ್ತೇವೆ. ಮುಗಿಯುವ ದಿನವೇ ಗೊತ್ತಿಲ್ಲದ ಕಥೆಗೆ ಯಾವ ಕಂಬ ನೆಡಬೇಕು ಎಂದು ಅವರು ತಾನೇ ಹೇಗೆ ತಿಳಿಯಬೇಕು?

ದಸ್ತಯೇವ್ಸ್ಕಿಯನ್ನು ಆಶು ಬರವಣಿಗೆಯ ಪರಮ ಉದಾಹರಣೆಯಾಗಿ ಹೇಳುವ ವಾಡಿಕೆಯಿದೆ. 1866ರ ನವೆಂಬರ್ 1ರೊಳಗೆ ಹೊಸ ಕಾದಂಬರಿಯೊಂದನ್ನು ಕೊಡದಿದ್ದರೆ ಸ್ಟೆಲೋವ್ಸ್ಕಿ ಎಂಬ ಪ್ರಕಾಶಕನಿಗೆ ಮುಂದಿನ ಒಂಬತ್ತು ವರ್ಷ ಅವನ ಬರಹಗಳನ್ನು ಪುಕ್ಕಟೆಯಾಗಿ ಅಚ್ಚು ಹಾಕಿಕೊಳ್ಳುವ ಹಕ್ಕು ಸಿಗುತ್ತಿತ್ತು. ಅಕ್ಟೋಬರ್ ಬಂದರೂ ಒಂದು ಪುಟ ಆಗಿರಲಿಲ್ಲ; ಇನ್ನೊಂದು ಕಡೆ ಕ್ರೈಮ್ ಅಂಡ್ ಪನಿಶ್‌ಮೆಂಟ್ ಕಂತುಗಳಲ್ಲಿ ಬರುತ್ತಿತ್ತು. ಶೀಘ್ರಲಿಪಿ ಬಲ್ಲ ಅನ್ನಾ ಸ್ನಿತ್ಕಿನಾ ಎಂಬ ಯುವತಿಯನ್ನು ಕರೆಸಿ, 26 ದಿನಗಳಲ್ಲಿ ದಿ ಗ್ಯಾಂಬ್ಲರ್ ಕಾದಂಬರಿಯನ್ನು ಹೇಳಿ ಬರೆಸಿ ಮುಗಿಸಿದ. ಮುಂದೆ ಆಕೆಯನ್ನೇ ಮದುವೆಯಾದ. ಕಥೆ ಕೇಳಲು ಬಹಳ ಚೆನ್ನಾಗಿದೆ.

ಆದರೆ 1863ರಲ್ಲಿ, ಮೂರು ವರ್ಷ ಮೊದಲೇ, ಅವನು ರೋಮ್‌ನಿಂದ ಗೆಳೆಯ ಸ್ತ್ರಾಖೋವ್‌ಗೆ ಬರೆದ ಪತ್ರದಲ್ಲಿ ಈ ಕಥೆಯ ಹಂದರವಿದೆ: ಪರದೇಶದಲ್ಲಿ ಅಲೆಯುವ ಒಬ್ಬ ರಷ್ಯನ್, ಅವನ ಜೀವಸತ್ವವೆಲ್ಲ ರೂಲೆಟ್ ಮೇಜಿಗೆ ಹೋಗುತ್ತದೆ. ರೂಲೆಟ್ ಮೇಜು ಲೇಖಕನಿಗೆ ಪುಸ್ತಕದ ಜ್ಞಾನವಾಗಿರಲಿಲ್ಲ; ಅಲ್ಲಿ ಅವನು ತನ್ನದನ್ನೆಲ್ಲ ಕಳೆದುಕೊಂಡಿದ್ದ. 26 ದಿನಗಳಲ್ಲಿ ಆದದ್ದು ಮಾತು. ಪ್ರಸಂಗ ಮೊದಲೇ ಒಳಗಿತ್ತು, ಅರ್ಥಧಾರಿಯ ಓದಿನ ಜಾಗದಲ್ಲಿ ಬದುಕು ಇತ್ತು.

ದಿ ಗ್ಯಾಂಬ್ಲರ್ ಮುಗಿದ ಮರುವರ್ಷ ಜಿನೀವಾದಲ್ಲಿ ದಿ ಈಡಿಯಟ್ ಬರೆಯಲು ಕುಳಿತಾಗ ಇದೇ ದಸ್ತಯೇವ್ಸ್ಕಿಗೆ ಎಲ್ಲವೂ ಉಲ್ಟಾ ಆಯಿತು. ಟಿಪ್ಪಣಿಪುಸ್ತಕದ ತುಂಬ ಯೋಜನೆಗಳು. ದಿನಕ್ಕೆ ಸರಾಸರಿ ಆರು ಯೋಜನೆಗಳನ್ನಾದರೂ ಹಾಕುತ್ತಿದ್ದೆ ಎಂದು ಕವಿ ಮೈಕೋವ್‌ಗೆ ಪತ್ರದಲ್ಲಿ ಹೇಳಿಕೊಂಡಿದ್ದಾನೆ. ಆ ಟಿಪ್ಪಣಿಗಳಲ್ಲಿ ನಾಯಕ ಮೊದಮೊದಲು ಉಗ್ರ, ಅಹಂಕಾರಿ. 1867ರ ಡಿಸೆಂಬರ್ ಆರಂಭದಲ್ಲಿ ಬರೆದದ್ದನ್ನೆಲ್ಲ ಎಸೆದು, ಪೂರ್ಣವಾಗಿ ಒಳ್ಳೆಯವನಾದ ಒಬ್ಬ ಮನುಷ್ಯ ಎಂಬ ಹೊಸ ಎಳೆ ಹಿಡಿದು ಮತ್ತೆ ಶುರು ಮಾಡಿದ. ಕೆಲವೇ ವಾರಗಳಲ್ಲಿ ಮೊದಲ ಅಧ್ಯಾಯಗಳು ಪತ್ರಿಕೆಗೆ ಹೋದವು. ಮುಂದಿನ ಭಾಗಗಳಲ್ಲಿ ಏನಾಗುತ್ತದೆ ಎಂಬುದು ಅವನಿಗೆ ಆಗಲೂ ಪೂರ್ತಿ ಸ್ಪಷ್ಟವಿರಲಿಲ್ಲ.

ಹಾಗಾದರೆ ಆ ತಿಂಗಳುಗಳ ಯೋಜನೆ ವ್ಯರ್ಥವೇ? ನನಗೆ ಹಾಗೆ ಅನ್ನಿಸುವುದಿಲ್ಲ. ದಿನಕ್ಕೆ ಆರು ಯೋಜನೆ ಹಾಕುವುದೂ ಒಂದು ಬಗೆಯ ಆಶುವೇ. ಅದನ್ನು ಟಿಪ್ಪಣಿಯಲ್ಲಿ ಮಾಡಿದರೆ ಒಂದು ಕಥೆಯನ್ನು ಎಸೆಯಲು ಒಂದು ಪುಟ ಹರಿದರೆ ಸಾಕು. ಅಧ್ಯಾಯಗಳಲ್ಲಿ ಮಾಡಿದರೆ ನೂರು ಪುಟ ಹರಿಯಬೇಕು. ಅಗಾಥಾ ಕ್ರಿಸ್ಟಿ ಬಿಟ್ಟುಹೋದ 73 ಟಿಪ್ಪಣಿಪುಸ್ತಕಗಳೂ ಇದನ್ನೇ ತೋರಿಸುತ್ತವೆ. ಪತ್ತೇದಾರಿ ಕಥೆ ಎಂದರೆ ಕೊಲೆಗಾರ ಮೊದಲೇ ನಿಶ್ಚಯವಾಗಿರಬೇಕಾದ ಪ್ರಕಾರ, ಏಕೆಂದರೆ ಸುಳಿವುಗಳನ್ನೆಲ್ಲ ಅವನ ಸುತ್ತಲೇ ಬಿತ್ತಬೇಕು. ಆದರೂ ಟಿಪ್ಪಣಿಗಳಲ್ಲಿ ಆಕೆ ಇವನು ಕೊಂದಿರಬಹುದೇ, ಅಥವಾ ಇವಳೇ ಎಂದು ಒಬ್ಬೊಬ್ಬರ ಕೈಗೂ ವಿಷ ಕೊಟ್ಟು ನೋಡುತ್ತಾಳೆ. ಯೋಜನೆ ಹಾಕುವವರು ಲೆಕ್ಕಿಗರು, ಆಶುವಿನವರು ಕನಸುಗಾರರು ಎಂಬ ಮಾತು ಎಷ್ಟು ಸುಳ್ಳು ಎಂಬುದಕ್ಕೆ ಆ ಪುಸ್ತಕಗಳು ಸಾಕ್ಷಿ. ಕವಿ, ಕಥೆಗಾರ ಎಡ್ಗರ್ ಅಲನ್ ಪೋ ಮಾತ್ರ 1846ರ ಪ್ರಬಂಧವೊಂದರಲ್ಲಿ, ಕೊನೆಯ ಪರಿಣಾಮವನ್ನು ಮೊದಲು ನಿಶ್ಚಯಿಸಿ ಗಣಿತದಂತೆ ಹಿಂದಕ್ಕೆ ಕಟ್ಟುತ್ತಾ ಬಂದೆ ಎಂದು ತನ್ನ ಪ್ರಸಿದ್ಧ ಕವಿತೆಯ ಬಗ್ಗೆ ಹೇಳಿಕೊಂಡ. ಅದನ್ನು ಪೂರ್ತಿ ನಂಬಿದವರು ಆಗಲೂ ಕಡಿಮೆ, ಈಗಲೂ ಕಡಿಮೆ.

ಬೆಲೆಯ ಮಾತು ಬಂದಾಗ ಇಂಗ್ಲಿಷ್ ಲೇಖಕ ಟಾಲ್ಕಿನ್ ನೆನಪಾಗುತ್ತಾನೆ. 1937ರ ಕೊನೆಯಲ್ಲಿ ದಿ ಲಾರ್ಡ್ ಆಫ್ ದಿ ರಿಂಗ್ಸ್ ಶುರು ಮಾಡಿದಾಗ ಕಥೆ ಎಲ್ಲಿಗೆ ಹೋಗುತ್ತದೆಂದು ಅವನಿಗೆ ತಿಳಿದಿರಲಿಲ್ಲ. ಛತ್ರದ ಮೂಲೆಯಲ್ಲಿ ಮುಸುಕು ಹಾಕಿ ಕುಳಿತ ಅಪರಿಚಿತನೊಬ್ಬ ಬರೆಯುತ್ತಿದ್ದ ಹಾಗೆಯೇ ಬಂದುಬಿಟ್ಟ. ಅವನು ಯಾರೆಂದು ತನ್ನ ನಾಯಕನಿಗೆ ಎಷ್ಟು ಗೊತ್ತಿತ್ತೋ ತನಗೂ ಅಷ್ಟೇ ಗೊತ್ತಿತ್ತು ಎಂದು ಮುಂದೆ ಕವಿ ಆಡೆನ್‌ಗೆ ಬರೆದ ಪತ್ರದಲ್ಲಿ ಹೇಳಿದ್ದಾನೆ. ಆರಂಭದ ಕರಡುಗಳಲ್ಲಿ ಅವನು ಮರದ ಬೂಟು ತೊಟ್ಟ ಒಬ್ಬ ಕುಳ್ಳ, ಹೆಸರು ಟ್ರಾಟರ್. ಕೊನೆಗೆ ಅವನೇ ಸಿಂಹಾಸನಕ್ಕೆ ಮರಳಬೇಕಾದ ರಾಜನಾದ. ಇಂಥ ಬೆಳವಣಿಗೆ ಯಾವ ನಕ್ಷೆಯಿಂದಲೂ ಬರುತ್ತಿರಲಿಲ್ಲವೇನೋ. ಆದರೆ ಮೂಲೆಯಲ್ಲಿದ್ದವನು ರಾಜನಾದರೆ ಹಿಂದಿನ ಪ್ರತಿ ಅಧ್ಯಾಯವೂ ಅದಕ್ಕೆ ತಕ್ಕಂತೆ ಬದಲಾಗಬೇಕು. ಬಹುಮಟ್ಟಿಗೆ ಕೊನೆಯಿಂದ ಹಿಂದಕ್ಕೆ ತಿರುಗಿ ಬರೆಯಬೇಕಾಯಿತು ಎಂದು ಅವನೇ ಮುನ್ನುಡಿಯಲ್ಲಿ ಒಪ್ಪಿಕೊಳ್ಳುತ್ತಾನೆ. ಹನ್ನೆರಡು ವರ್ಷ ಹಿಡಿಯಿತು. ವಿಶ್ವವಿದ್ಯಾಲಯದ ಸಂಬಳವಿದ್ದ, ಕಂತಿನ ಗಡುವು ಇಲ್ಲದ ಮನುಷ್ಯನಿಗೆ ಆ ಬೆಲೆ ಕೊಡಲು ಸಾಧ್ಯವಾಯಿತು.

ಟಾಲ್‌ಸ್ಟಾಯ್ ಮಾಡಿದ್ದು ಮತ್ತೂ ವಿಚಿತ್ರ. ಸೈಬೀರಿಯಾದ ಶಿಕ್ಷೆ ಮುಗಿಸಿ 1856ರಲ್ಲಿ ಮರಳುವ ಬಂಡುಕೋರನೊಬ್ಬನ ಕಥೆ ಬರೆಯಹೊರಟ. ಅವನನ್ನು ಅರಿಯಲು 1825ರ ದಂಗೆಗೆ ಹೋಗಬೇಕಾಯಿತು, ಆ ದಂಗೆಯವನ ಯೌವನ ತಿಳಿಯಲು ನೆಪೋಲಿಯನ್ ದಾಳಿ ಮಾಡಿದ 1812ಕ್ಕೆ, ಆ ಗೆಲುವನ್ನು ಬರೆಯುವ ಮೊದಲು ಸೋಲನ್ನು ಬರೆಯಬೇಕೆನ್ನಿಸಿ 1805ಕ್ಕೆ. ವಾರ್ ಅಂಡ್ ಪೀಸ್ ಶುರುವಾಗುವುದು ಅಲ್ಲಿ. ಹೊರಟ ಊರನ್ನು ಅವನು ತಲುಪಲೇ ಇಲ್ಲ. ಯಾರೂ ದೂರು ಕೊಡಲಿಲ್ಲ.

ತಯಾರಿಗೂ ಯೋಜನೆಗೂ ಇರುವ ವ್ಯತ್ಯಾಸವನ್ನು ಇಲ್ಲಿ ಹೇಳಿಬಿಡಬೇಕು, ಏಕೆಂದರೆ ಎರಡನ್ನೂ ಒಂದೇ ಎಂದುಕೊಂಡವರು ಬಹಳ. ಎಸ್. ಎಲ್. ಭೈರಪ್ಪನವರು ಪರ್ವ (1979) ಬರೆಯುವ ಮುನ್ನ ಮಹಾಭಾರತಕ್ಕೆ ಸಂಬಂಧಿಸಿದ ಓದಿನಲ್ಲಿ ಮುಳುಗಿ, ಅದರ ಕಥೆ ಹೆಣೆದುಕೊಂಡ ಉತ್ತರ ಭಾರತದ ಸ್ಥಳಗಳಲ್ಲಿ ತಿರುಗಾಡಿದ್ದನ್ನು ತಾವೇ ಬರೆದಿದ್ದಾರೆ. ಇದು ತಯಾರಿ. ಒಂದು ನದಿಯ ದಡ ಹೇಗಿದೆ, ಒಬ್ಬ ಮುದುಕಿ ನೀರು ಹೊತ್ತು ಏರುವಾಗ ಎಲ್ಲಿ ನಿಲ್ಲುತ್ತಾಳೆ ಎಂಬುದು ಗೊತ್ತಿರುವುದಕ್ಕೂ, ಹದಿನೇಳನೆಯ ಅಧ್ಯಾಯದಲ್ಲಿ ಏನಾಗುತ್ತದೆ ಎಂದು ಬರೆದಿಟ್ಟುಕೊಳ್ಳುವುದಕ್ಕೂ ಸಂಬಂಧ ಕಡಿಮೆ. ತಯಾರಿ ಹೆಚ್ಚಿದಷ್ಟೂ ಯೋಜನೆಯನ್ನು ಸಡಿಲ ಬಿಡುವ ಧೈರ್ಯ ಬರುತ್ತದೆ. ತಯಾರಿಯಿಲ್ಲದೆ ಯೋಜನೆಯನ್ನೂ ಬಿಟ್ಟವನು ಮೂವತ್ತನೆಯ ಪುಟದ ಸುಮಾರಿಗೆ ಪಾತ್ರಗಳಿಗೆ ಕಾಫಿ ಕುಡಿಸತೊಡಗುತ್ತಾನೆ. ನಾನು ಓದಿದ ಎಷ್ಟೋ ಹಸ್ತಪ್ರತಿಗಳಲ್ಲಿ ಆ ಕಾಫಿ ಬಹಳ ಹೊತ್ತು ಆರದೆ ಇರುತ್ತದೆ.

ಇಷ್ಟನ್ನೂ ಒಂದು ಸಣ್ಣ ಕಥೆಗೆ ಹಚ್ಚಿ ನೋಡೋಣ. ತೀರ್ಥಹಳ್ಳಿ ಕಡೆಯ ಒಂದು ಹಳೆಯ ಮನೆ, ಸ್ವಲ್ಪ ಅಡಿಕೆ ತೋಟ. ತಂದೆತಾಯಿ ತೀರಿಹೋಗಿದ್ದಾರೆ. ಬೆಂಗಳೂರಿನಲ್ಲಿರುವ ಇಬ್ಬರು ತಮ್ಮಂದಿರು ಮಾರಲು ತೀರ್ಮಾನಿಸಿದ್ದಾರೆ. ಹೆಣ್ಣುಮಕ್ಕಳಿಗೂ ಪಿತ್ರಾರ್ಜಿತ ಆಸ್ತಿಯಲ್ಲಿ ಸಮಪಾಲು ನೀಡಿದ 2005ರ ತಿದ್ದುಪಡಿಯ ನಂತರ ಕೊಳ್ಳುವವರು ಅಕ್ಕನ ಸಹಿ ಕೇಳುತ್ತಾರೆ. ಅಕ್ಕ ಅಲ್ಲೇ ಪಕ್ಕದ ಊರಿನಲ್ಲಿದ್ದಾಳೆ. ಕಥೆಗಾರನ ಯೋಜನೆ ಹೀಗಿದೆ ಎಂದುಕೊಳ್ಳಿ: ತಮ್ಮಂದಿರು ಬರುತ್ತಾರೆ, ವಕೀಲರನ್ನು ಕಾಣುತ್ತಾರೆ, ಅಕ್ಕನನ್ನು ಕಾರಿನಲ್ಲಿ ಕೂರಿಸಿಕೊಂಡು ಸಬ್ ರಿಜಿಸ್ಟ್ರಾರ್ ಕಚೇರಿಗೆ ಹೋಗುತ್ತಾರೆ, ಕೊನೆಯ ಗಳಿಗೆಯಲ್ಲಿ ಅವಳು ಸಹಿ ಹಾಕಲು ಒಪ್ಪುವುದಿಲ್ಲ. ಅಚ್ಚುಕಟ್ಟಾಗಿದೆ. ಏಕೆ ಒಪ್ಪುವುದಿಲ್ಲ? ಮನೆಯ ಮೇಲಿನ ಪ್ರೀತಿ ಎಂದು ಯೋಜನೆಯಲ್ಲಿ ಬರೆದಿದೆ. ಇದನ್ನು ಹಾಗೆಯೇ ಬರೆದು ಮುಗಿಸಬಹುದು, ಅಚ್ಚೂ ಆಗಬಹುದು, ಓದಿದವರು ಮರುದಿನ ಮರೆಯಬಹುದು.

ಈಗ ಕಾರಿನ ದೃಶ್ಯವನ್ನು ಎರಡು ಪದ್ಯಗಳ ನಡುವಿನ ಮಾತಿನಂತೆ ಬಿಟ್ಟು ನೋಡಿ. ಹೊರಡುವ ಜಾಗ ಗೊತ್ತು, ತಲುಪುವ ಕಚೇರಿ ಗೊತ್ತು. ದಾರಿಯಲ್ಲಿ ದೊಡ್ಡ ತಮ್ಮ ಬೆಲೆಯ ಮಾತು ತೆಗೆಯುತ್ತಾನೆ. ಅಕ್ಕನ ಬಾಯಲ್ಲಿ ಯಾವ ಮಾತು ಬರುತ್ತದೆ? ಮನೆ ಮಾರಬೇಡಿರೋ ಎಂದು ಬಂದರೆ ಅದು ಯೋಜನೆಯ ದನಿ, ಅವಳದ್ದಲ್ಲ. ಇನ್ನೊಮ್ಮೆ ಕೇಳಿದರೆ ಅವಳು ಕಿಟಕಿಯ ಕಡೆ ನೋಡುತ್ತಲೇ, “ಸಹಿ ಹಾಕುತ್ತೇನೆ ಮಾರಾಯ. ಅಮ್ಮನ ಔಷಧದ ಲೆಕ್ಕ ಒಂದು ಮುಗಿದುಬಿಡಲಿ” ಎನ್ನಬಹುದು. ಚೀಲದಿಂದ ಒಂದು ನೋಟುಪುಸ್ತಕ ಹೊರಗೆ ಬರಬಹುದು. ತಾಯಿ ಹಾಸಿಗೆ ಹಿಡಿದಷ್ಟು ವರ್ಷದ ಮಾತ್ರೆ, ಆಟೋ, ರಕ್ತಪರೀಕ್ಷೆ, ಎಲ್ಲ ತಾರೀಖಿನ ಸಮೇತ.

ಈ ನೋಟುಪುಸ್ತಕ ಯೋಜನೆಯಲ್ಲಿ ಇರಲಿಲ್ಲ. ಅದು ಬಂದ ಕೂಡಲೇ ಕಥೆ ಮನೆಯದಾಗಿ ಉಳಿಯಲಿಲ್ಲ. ಯಾರು ನೋಡಿಕೊಂಡರು, ಯಾರು ಹಣ ಕಳಿಸಿ ಕೈ ತೊಳೆದುಕೊಂಡರು ಎಂಬುದರ ಕಥೆಯಾಯಿತು. ಕೊನೆ ಕೂಡ ಅಲುಗಾಡುತ್ತದೆ. ನೋಟುಪುಸ್ತಕ ತೋರಿಸಿದ ಮೇಲೆ ಸಹಿ ನಿರಾಕರಿಸಿದರೆ ಅವಳು ಚೌಕಾಸಿ ಮಾಡುತ್ತಿರುವಂತೆ ಕಾಣುತ್ತದೆ. ಸಹಿ ಹಾಕಿ, ಪಾಲಿನ ಹಣದಲ್ಲಿ ಲೆಕ್ಕದಷ್ಟನ್ನು ಮಾತ್ರ ಎಣಿಸಿ ತೆಗೆದುಕೊಂಡು ಉಳಿದದ್ದನ್ನು ಹಿಂದಿರುಗಿಸಿದರೆ ತಮ್ಮಂದಿರಿಗೆ ಅದಕ್ಕಿಂತ ದೊಡ್ಡ ಪೆಟ್ಟಿಲ್ಲ. ಯೋಜನೆಗಿಂತ ಇದು ಚೆನ್ನಾಗಿದೆ ಎಂದು ಕಥೆಗಾರನಿಗೆ ಅನ್ನಿಸಿದರೆ ಯೋಜನೆಯನ್ನು ಬಿಡಬೇಕು, ಮುಲಾಜಿಲ್ಲದೆ. ಹಳೆಯ ಕೊನೆಯನ್ನೂ ಹೊಸ ನೋಟುಪುಸ್ತಕವನ್ನೂ ಒಟ್ಟಿಗೆ ಉಳಿಸಿಕೊಳ್ಳಲು ಹೆಣಗುವುದರಲ್ಲೇ ಹೆಚ್ಚಿನ ಕಥೆಗಳು ಕೆಡುತ್ತವೆ.

ಹಾಗೆಂದು ಬರೆಯುವಾಗ ನುಗ್ಗಿ ಬಂದದ್ದಕ್ಕೆಲ್ಲ ಬಾಗಿಲು ತೆರೆಯಬೇಕಾಗಿಲ್ಲ. ಅದೇ ಕಾರಿನಲ್ಲಿ ಚಿಕ್ಕ ತಮ್ಮನಿಗೆ ಇದ್ದಕ್ಕಿದ್ದಂತೆ ಕಾಲೇಜಿನ ಹಳೆಯ ಪ್ರೇಮ ನೆನಪಾಗಬಹುದು. ಬರೆಯಲು ಹಿತವಾಗಿರುತ್ತದೆ, ಎರಡು ಪುಟ ಓಡುತ್ತದೆ. ನಾನು ಬಳಸುವ ಪರೀಕ್ಷೆ ಸರಳವಾದದ್ದು: ಹೊಸದಾಗಿ ಬಂದದ್ದು ಹಿಂದಿನ ಪುಟಗಳನ್ನು ಬದಲಿಸಲು ಒತ್ತಾಯಿಸುತ್ತದೆಯೇ? ನೋಟುಪುಸ್ತಕ ಒತ್ತಾಯಿಸುತ್ತದೆ, ಪ್ರೇಮ ಒತ್ತಾಯಿಸುವುದಿಲ್ಲ. ಹಿಂದಕ್ಕೆ ಯಾವ ಬೇರನ್ನೂ ಇಳಿಸದೆ ಮುಂದಕ್ಕೆ ಮಾತ್ರ ಹಬ್ಬುವ ಸಂಗತಿಯನ್ನು ಬೇರೆ ಕಥೆಗೆ ಎತ್ತಿಡುವುದು ಒಳ್ಳೆಯದು.

ಕರಡು ಮುಗಿದ ಮೇಲೆ ಮಾಡುವ ಯೋಜನೆ ಎಂಬುದೂ ಒಂದಿದೆ. ಆಶುವಾಗಿ ಬರೆಯುವವರಿಗೆ ಇದು ತುಂಬ ಉಪಯೋಗಿ, ಮತ್ತು ಅವರೇ ಇದನ್ನು ಮಾಡಲು ಸೋಮಾರಿಗಳು. ಬರೆದಾದ ಪ್ರತಿ ದೃಶ್ಯವನ್ನು ಒಂದೇ ಸಾಲಿನಲ್ಲಿ ಬರೆದು ಹಾಳೆಯ ಮೇಲೆ ಇಳಿಸಬೇಕು, ಪಕ್ಕದಲ್ಲಿ ಆ ದೃಶ್ಯದಿಂದ ಏನು ಬದಲಾಯಿತು ಎಂದು ಗುರುತು ಹಾಕಬೇಕು. ನಮ್ಮ ಅಕ್ಕನ ಕಥೆಗೆ ಹೀಗೆ ಮಾಡಿದರೆ ಮೂರು ಕೆಲಸ ತಕ್ಷಣ ಎದ್ದು ಕಾಣುತ್ತವೆ. ನೋಟುಪುಸ್ತಕ ಕಾರಿನಲ್ಲಿ ಮೊದಲ ಸಲ ಕಾಣಿಸಿಕೊಂಡರೆ ಅದು ಲೇಖಕನ ಜೇಬಿನಿಂದ ಬಂದಂತಿರುತ್ತದೆ. ಮೊದಲ ಪುಟದಲ್ಲೇ ಅವಳು ಕಂದಾಯದ ರಸೀದಿಗಳ ಜೊತೆ ಅದನ್ನೂ ಪ್ಲಾಸ್ಟಿಕ್ ಚೀಲಕ್ಕೆ ಹಾಕಿಕೊಳ್ಳುತ್ತಿರಬೇಕು, ಅದು ಏನೆಂದು ಓದುಗನಿಗೆ ಹೇಳಬಾರದು. ದೊಡ್ಡ ತಮ್ಮ ಹಣ ಕಳಿಸುತ್ತಿದ್ದ ಸಂಗತಿ ಎಲ್ಲೋ ಒಂದು ಕಡೆ, ಅವನ ಪರವಾಗಿಯೇ, ಬಂದಿರಬೇಕು. ಇಲ್ಲದಿದ್ದರೆ ವಾದ ಒಂದೇ ಕಡೆಯದಾಗುತ್ತದೆ, ಎದುರು ಅರ್ಥಧಾರಿಯ ಬಾಯಿ ಕಟ್ಟಿದ ಕೂಟದ ಹಾಗೆ. ಇನ್ನು ವಕೀಲರ ದೃಶ್ಯ. ಯೋಜನೆಯ ಕಾಲದಲ್ಲಿ ಬಹಳ ಮುಖ್ಯ ಎನ್ನಿಸಿ ಶ್ರಮಪಟ್ಟು ನಾಲ್ಕು ಪುಟ ಬರೆದದ್ದು, ಆಸ್ತಿ ಕಾನೂನಿನ ವಿವರಗಳೆಲ್ಲ ಅಲ್ಲೇ ಇವೆ. ಅದರ ಪಕ್ಕದಲ್ಲಿ ಏನು ಬದಲಾಯಿತು ಎಂಬ ಜಾಗಕ್ಕೆ ಬರೆಯಲು 2005 ಎಂಬ ಒಂದು ಇಸವಿ ಬಿಟ್ಟರೆ ಏನೂ ಸಿಗುವುದಿಲ್ಲ, ಮತ್ತು ಆ ಒಂದು ಇಸವಿಯನ್ನು ಚಿಕ್ಕ ತಮ್ಮ ಕಾರಿನಲ್ಲಿ ಅರ್ಧ ವಾಕ್ಯದಲ್ಲಿ ಗೊಣಗಿದರೂ ಸಾಕಾಗುತ್ತದೆ.